ವಾಲ್ಯೂಮ್ ನೋಟಿಫಿಕೇಶನ್ ಹಳೆಯದರ ಜಾಗಕ್ಕೆ ಬರುತ್ತಿಲ್ಲ, ಒಂದರ ಕೆಳಗೊಂದು ಸಾಲು ನಿಲ್ಲುತ್ತಿದೆ

ಅಳಿಲು

ಎಲ್ಲರಿಗೂ ನಮಸ್ಕಾರ. ವಾಲ್ಯೂಮ್ ಕೀಗಳಿಗೆ ಒಂದು ಚಿಕ್ಕ ಬ್ಯಾಶ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಕೀ ಒತ್ತಿದರೆ ಮೂಲೆಯಲ್ಲಿ "ವಾಲ್ಯೂಮ್ 45%" ಅಂತ ಒಂದು ಪಾಪ್-ಅಪ್ ಬರಬೇಕು. ಮತ್ತೆ ಒತ್ತಿದರೆ ಅದೇ ಪಾಪ್-ಅಪ್ 50% ಆಗಬೇಕು. ಬೇಕಿರುವುದು ಇಷ್ಟೇ.

ಮನೆಯ ಕಂಪ್ಯೂಟರಿನಲ್ಲಿ ಡೆಬಿಯನ್ 12, ಐ3 ವಿಂಡೋ ಮ್ಯಾನೇಜರ್, ನೋಟಿಫಿಕೇಶನ್‌ಗೆ ಡನ್ಸ್ಟ್. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04, ಅದರ ಜೊತೆ ಬಂದ ಗ್ನೋಮ್. ಎರಡರಲ್ಲೂ ಒಂದೇ ಸ್ಕ್ರಿಪ್ಟ್. ನೋಟಿಫಿಕೇಶನ್ ಕಳಿಸುವ ನೋಟಿಫೈ-ಸೆಂಡ್ ಕಮಾಂಡ್‌ಗೆ -ಪಿ ಕೊಟ್ಟು ಆ ಪಾಪ್-ಅಪ್‌ನ ಐಡಿ ನಂಬರ್ ತೆಗೆದುಕೊಳ್ಳುತ್ತೇನೆ, ಅದನ್ನು ಕ್ಯಾಶ್ ಫೋಲ್ಡರಿನ ಒಂದು ಫೈಲಿನಲ್ಲಿ ಇಡುತ್ತೇನೆ, ಮುಂದಿನ ಸಲ -ಆರ್ ಜೊತೆ ಅದೇ ಐಡಿ ವಾಪಸ್ ಕೊಡುತ್ತೇನೆ.

ತೊಂದರೆಗಳು ಹೀಗಿವೆ. ಲ್ಯಾಪ್‌ಟಾಪ್‌ನಲ್ಲಿ ಈ ಆಯ್ಕೆಯೇ ಗೊತ್ತಿಲ್ಲ ಅಂತ ಎರರ್ ಬರುತ್ತದೆ. ಡೆಬಿಯನ್‌ನಲ್ಲಿ ಒಂದೊಂದೇ ಸಲ ಒತ್ತಿದರೆ ಸರಿ, ಕೀ ಹಿಡಿದುಕೊಂಡರೆ ಪಾಪ್-ಅಪ್‌ಗಳ ಸಾಲೇ ನಿಲ್ಲುತ್ತದೆ. ಇನ್ನೊಂದು ಇದಕ್ಕಿಂತ ವಿಚಿತ್ರ. ಕಂಪ್ಯೂಟರ್ ಆನ್ ಮಾಡಿ ಮೊದಲ ಸಲ ವಾಲ್ಯೂಮ್ ಒತ್ತಿದಾಗ, ಆಗಷ್ಟೇ ಬಂದಿದ್ದ ಚಾಟ್ ಮೆಸೇಜಿನ ಪಾಪ್-ಅಪ್ ಮಾಯವಾಗಿ ಅದರ ಜಾಗದಲ್ಲಿ ವಾಲ್ಯೂಮ್ ಬಂತು. ಮೆಸೇಜ್ ಏನಿತ್ತು ಅಂತ ಓದಲೂ ಆಗಲಿಲ್ಲ. ಯಾಕೆ ಹೀಗೆ?

ಹೊಂಗೆನೆರಳು

ಮೂರೂ ಬೇರೆ ಬೇರೆ ಥರ ಕಾಣಿಸಿದರೂ ಬೇರು ಹತ್ತಿರ ಹತ್ತಿರವೇ ಇದೆ. ಸ್ಕ್ರಿಪ್ಟ್ ಮುಟ್ಟುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಪಾಪ್-ಅಪ್ ತೋರಿಸುವುದು ನೋಟಿಫೈ-ಸೆಂಡ್ ಅಲ್ಲ. ಪ್ರೋಗ್ರಾಂಗಳು ಒಂದರ ಜೊತೆ ಒಂದು ಮಾತಾಡುವ ದಾರಿಗೆ ಡಿ-ಬಸ್ ಅಂತ ಹೆಸರು, ನಿಮ್ಮ ಲಾಗಿನ್‌ಗೆ ಸೇರಿದ್ದು ಸೆಶನ್ ಬಸ್; ನೋಟಿಫೈ-ಸೆಂಡ್ ಅದರ ಮೇಲೆ ಒಂದು ಕರೆ ಮಾಡುತ್ತದೆ, ಉತ್ತರ ತೆಗೆದುಕೊಂಡು ಮುಗಿಸುತ್ತದೆ. ತೋರಿಸುವ ಕೆಲಸ ನೋಟಿಫಿಕೇಶನ್ ಸರ್ವರ್‌ನದು. ಡನ್ಸ್ಟ್ ಒಂದು ಸರ್ವರ್, ಗ್ನೋಮ್ ಶೆಲ್ ಒಳಗೇ ಇನ್ನೊಂದಿದೆ, ಮಾಕೋ ಮತ್ತೊಂದು. ಇವೆಲ್ಲ ಫ್ರೀಡೆಸ್ಕ್‌ಟಾಪ್‌ನ ಒಂದೇ ನಿಯಮಾವಳಿ ಪಾಲಿಸುತ್ತವೆ. ಅದರಲ್ಲಿ ನೋಟಿಫೈ ಎಂಬ ಮೆಥಡ್‌ಗೆ ಎಂಟು ಆರ್ಗ್ಯುಮೆಂಟ್‌ಗಳು: ಆ್ಯಪ್ ಹೆಸರು, ಯಾವ ಐಡಿಯ ಜಾಗಕ್ಕೆ ಬರಬೇಕು ಅನ್ನುವ ನಂಬರ್, ಐಕಾನ್, ತಲೆಬರಹ, ವಿಷಯ, ಬಟನ್‌ಗಳು, ಹಿಂಟ್‌ಗಳು (ಸರ್ವರ್‌ಗೆ ಕೊಡುವ ಹೆಚ್ಚಿನ ಸೂಚನೆಗಳು), ಎಷ್ಟು ಹೊತ್ತು ಇರಬೇಕು ಅನ್ನುವುದು.

ನಮಗೆ ಬೇಕಿರುವುದು ಎರಡನೆಯದು. ಅಲ್ಲಿ 0 ಹೋದರೆ ಹೊಸ ಪಾಪ್-ಅಪ್, ಹೊಸ ಐಡಿ. ಇರುವ ಐಡಿ ಹೋದರೆ ಸರ್ವರ್ ಅದನ್ನು ಮಿಣುಕಿಲ್ಲದೆ ಒಂದೇ ಏಟಿಗೆ ಬದಲಿಸಬೇಕು, ಅದೇ ಐಡಿಯನ್ನು ವಾಪಸ್ ಕೊಡಬೇಕು. ಕೌಂಟರಿನಲ್ಲಿ ಟೋಕನ್ ಕೊಟ್ಟ ಹಾಗೆ. ನಂಬರ್ ಕೊಡುವವರು ಅವರು, ಜೋಪಾನವಾಗಿ ಇಟ್ಟುಕೊಳ್ಳುವವರು ನಾವು, ಆ ಕೌಂಟರ್ ತೆರೆದಿರುವವರೆಗೆ ಮಾತ್ರ ಅದಕ್ಕೆ ಬೆಲೆ.

ಲ್ಯಾಪ್‌ಟಾಪ್‌ನ ಕಾರಣ ಸುಲಭ. ಉಬುಂಟು 22.04ರಲ್ಲಿರುವ ಲಿಬ್‌ನೋಟಿಫೈ (ನೋಟಿಫೈ-ಸೆಂಡ್ ಬರುವುದು ಈ ಲೈಬ್ರರಿಯಿಂದ) 0.7.9. ಅದರ ನೋಟಿಫೈ-ಸೆಂಡ್‌ಗೆ ಐಡಿ ಮುದ್ರಿಸುವ ಆಯ್ಕೆಯೂ ಇಲ್ಲ, ಬದಲಿಸುವ ಆಯ್ಕೆಯೂ ಇಲ್ಲ. ಡೆಬಿಯನ್ 12ರಲ್ಲಿ 0.8 ಸಾಲಿನದು, ಅದಕ್ಕೇ ಅಲ್ಲಿ ನಡೆಯುತ್ತಿದೆ. ಸರ್ವರ್‌ಗೆ ಬದಲಿಸಲು ಬರುತ್ತದೆ, ಕೇಳುವ ಉಪಕರಣ ಮಾತ್ರ ಹಳೆಯದು. ಅದಕ್ಕೆ ದಾರಿ ಆಮೇಲೆ ಹೇಳುತ್ತೇನೆ.

ಡೆಬಿಯನ್ ಯಂತ್ರದಲ್ಲಿ ದಯವಿಟ್ಟು ಬಸ್ ಮೇಲೆ ಏನು ಹೋಗುತ್ತಿದೆ ಅಂತ ನೋಡಿ ಹೇಳಿ. ಬಸ್ ನೋಡುವ ಬಸ್‌ಸಿಟಿಎಲ್ ಕಮಾಂಡ್‌ಗೆ --ಯೂಸರ್ ಕೊಟ್ಟು, ಮಾನಿಟರ್ ಅಂದು, ಮುಂದೆ ಆರ್ಗ್ ಡಾಟ್ ಫ್ರೀಡೆಸ್ಕ್‌ಟಾಪ್ ಡಾಟ್ ನೋಟಿಫಿಕೇಶನ್ಸ್ ಹೆಸರು ಹಾಕಿ. ಡಿಬಸ್-ಮಾನಿಟರ್ ಕೂಡ ಆಗುತ್ತದೆ, ಆದರೆ ಅದಕ್ಕೆ ಇಂಟರ್‌ಫೇಸ್ ಹೆಸರಿನ ಫಿಲ್ಟರ್ ಹಾಕಿದರೆ ಹೋಗುವ ಕರೆ ಮಾತ್ರ ಕಾಣುತ್ತದೆ. ಉತ್ತರದ ಸಂದೇಶದಲ್ಲಿ ಇಂಟರ್‌ಫೇಸ್ ಹೆಸರು ಇರುವುದಿಲ್ಲ, ಹಾಗಾಗಿ ಅದು ಫಿಲ್ಟರ್‌ನಲ್ಲೇ ಸೋರಿ ಹೋಗುತ್ತದೆ. ನಮಗೆ ಉತ್ತರವೇ ಮುಖ್ಯ.

ಕಪ್ಪುಪರದೆ

ಇಷ್ಟೆಲ್ಲ ಬೇಕಾ? ನಾನು ಐಡಿಯನ್ನು ಎಲ್ಲೂ ಉಳಿಸುವುದೇ ಇಲ್ಲ. ಸುಮ್ನೆ -ಆರ್ 9999 ಅಂತ ಒಂದು ದೊಡ್ಡ ನಂಬರ್ ಬರೆದಿದ್ದೇನೆ. ಪ್ರತಿ ಸಲ ಅದೇ ನಂಬರ್ ಹೋಗುತ್ತದೆ, ಒಂದೇ ಪಾಪ್-ಅಪ್ ಇರುತ್ತದೆ. ಡನ್ಸ್ಟ್‌ನಲ್ಲಿ ವರ್ಷಗಳಿಂದ ಚೆನ್ನಾಗಿ ನಡೆದಿದೆ.

ಹೊಂಗೆನೆರಳು

ಡನ್ಸ್ಟ್‌ನಲ್ಲಿ ಅದು ನಡೆಯುತ್ತದೆ, ನಿಜ. ಆ ನಂಬರಿನ ನೋಟಿಫಿಕೇಶನ್ ಇಲ್ಲದಿದ್ದರೆ ಡನ್ಸ್ಟ್ ಅದೇ ನಂಬರಿನಲ್ಲೇ ಹೊಸದನ್ನು ತೋರಿಸುತ್ತದೆ. ಮುಂದಿನ ಸಲ ಹಳೆಯದು ಸಿಗುತ್ತದೆ, ಬದಲಾಗುತ್ತದೆ.

ಎಲ್ಲ ಸರ್ವರ್‌ಗಳೂ ಹಾಗಲ್ಲ. ನಾವು ಕೊಟ್ಟ ನಂಬರ್ ಪಟ್ಟಿಯಲ್ಲಿ ಇಲ್ಲ ಅಂತಾದರೆ ತಮ್ಮದೇ ಹೊಸ ನಂಬರ್ ಕೊಟ್ಟು ಹೊಸ ಪಾಪ್-ಅಪ್ ತೆಗೆಯುವ ಸರ್ವರ್‌ಗಳೂ ಇವೆ. ಅಲ್ಲಿ 9999 ಯಾವತ್ತೂ ಪಟ್ಟಿಗೆ ಸೇರುವುದೇ ಇಲ್ಲ. ನೂರು ಸಲ ಕಳಿಸಿದರೆ ನೂರು ಪಾಪ್-ಅಪ್. ಡನ್ಸ್ಟ್ ಒಂದನ್ನೇ ಬಳಸುವವರಿಗೆ ನಿಮ್ಮ ದಾರಿ ಸಾಕು, ಅಳಿಲು ಅವರಿಗೆ ಎರಡು ಯಂತ್ರ ಇದೆಯಲ್ಲ.

ಅಳಿಲು

ಎರಡನ್ನೂ ಮಾಡಿ ನೋಡಿದೆ. ಮೊದಲು 9999. ಡೆಬಿಯನ್‌ನಲ್ಲೇ ಪ್ರತಿ ಒತ್ತಿಗೂ ಹೊಸ ಪಾಪ್-ಅಪ್. ಬಸ್ ಮಾನಿಟರ್‌ನಲ್ಲಿ ಕರೆಯ ಎರಡನೇ ಆರ್ಗ್ಯುಮೆಂಟ್ 9999 ಅಂತಲೇ ಹೋಗಿದೆ, ಉತ್ತರ ಮಾತ್ರ 31, 32, 33 ಹೀಗೆ ಬರುತ್ತಿದೆ. ನೀವು ಹೇಳಿದ ಎರಡನೇ ಜಾತಿಯ ಸರ್ವರ್ ಥರ ಇದೆ. ಡನ್ಸ್ಟ್ ಹೀಗೆ ಮಾಡುವುದಿಲ್ಲ ಅಂದ್ರಲ್ಲ?

ಹೊಂಗೆನೆರಳು

ಹಾಗಾದರೆ ಅಲ್ಲಿ ಓಡುತ್ತಿರುವುದು ಡನ್ಸ್ಟ್ ಅಲ್ಲ. ಸರ್ವರ್‌ನನ್ನೇ ಕೇಳಿಬಿಡಿ. ಗೆಟ್‌ಸರ್ವರ್‌ಇನ್ಫರ್ಮೇಶನ್ ಅಂತ ಒಂದು ಮೆಥಡ್ ಇದೆ, ಯಾವ ಆರ್ಗ್ಯುಮೆಂಟೂ ಬೇಡ. ಬಸ್ ಮೇಲೆ ಕರೆ ಮಾಡುವ ಜಿಡಿಬಸ್ ಕಾಲ್ ಕಮಾಂಡ್ ಮೂಲಕ ಕರೆದರೆ ಹೆಸರು, ಮಾಡಿದವರು, ಆವೃತ್ತಿ, ಪಾಲಿಸುವ ನಿಯಮಾವಳಿಯ ಆವೃತ್ತಿ, ನಾಲ್ಕೂ ಹೇಳುತ್ತದೆ. ಜೊತೆಗೆ ಬಸ್‌ಸಿಟಿಎಲ್ --ಯೂಸರ್ ಸ್ಟೇಟಸ್ ಅಂದು, ಮಾನಿಟರ್‌ಗೆ ಕೊಟ್ಟ ಅದೇ ಬಸ್ ಹೆಸರು ಕೊಟ್ಟರೆ ಆ ಹೆಸರು ಹಿಡಿದುಕೊಂಡಿರುವ ಪ್ರೋಸೆಸ್ ಯಾವುದು ಅಂತ ಪಿಐಡಿ (ಪ್ರೋಸೆಸ್‌ನ ನಂಬರ್) ಸಮೇತ ಸಿಗುತ್ತದೆ.

ಅಳಿಲು

ಹೌದು, ಡನ್ಸ್ಟ್ ಅಲ್ಲ! ಹಿಂದೆ ಬೇರೊಂದು ಡೆಸ್ಕ್‌ಟಾಪ್ ಹಾಕಿ ನೋಡಿದ್ದೆ, ಅದರ ಜೊತೆ ಬಂದ ನೋಟಿಫಿಕೇಶನ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಸರ್ವರ್) ಓಡುತ್ತಿದೆ. ಐ3 ಕಾನ್ಫಿಗ್‌ನಲ್ಲಿ ಡನ್ಸ್ಟ್ ಶುರು ಮಾಡುವ ಸಾಲು ಇದೆ, ಆದರೂ ಅದು ಓಡುತ್ತಿಲ್ಲ. ಟರ್ಮಿನಲ್‌ನಲ್ಲಿ ಕೈಯಾರೆ ಡನ್ಸ್ಟ್ ಓಡಿಸಿದರೆ, ಹೆಸರು ಈಗಾಗಲೇ ಇನ್ನೊಂದು ಪ್ರೋಸೆಸ್ ಹತ್ತಿರ ಇದೆ ಅಂತ ಅದರ ಪಿಐಡಿ ಹೇಳಿ ನಿಂತುಬಿಡುತ್ತದೆ. ಬೇಜಾರೆಂದರೆ ಕೆಲವು ದಿನ ಡನ್ಸ್ಟ್ ಬಂದೂ ಬರುತ್ತದೆ. ಅದರ ಬಣ್ಣ ಬೇರೆ, ಹಾಗಾಗಿ ನೋಡಿದರೇ ಗೊತ್ತಾಗುತ್ತಿತ್ತು. ಥೀಮ್ ಎಲ್ಲೋ ತಪ್ಪುತ್ತಿದೆ ಅಂದುಕೊಂಡಿದ್ದೆ.

ಮಿಂಚುಳ್ಳಿ

ಇದು ನನಗೆ ತುಂಬಾ ಪರಿಚಯದ ವಿಷಯ, ಬರೆಯಲೇಬೇಕು ಅನ್ನಿಸಿತು.

ಬಸ್ ಮೇಲೆ ಆ ಹೆಸರನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದು. ಯಾರೂ ಹಿಡಿದಿಲ್ಲದ ಹೊತ್ತಿನಲ್ಲಿ ಒಂದು ನೋಟಿಫಿಕೇಶನ್ ಬಂದರೆ ಡಿ-ಬಸ್ ತಾನೇ ಒಬ್ಬರನ್ನು ಎಬ್ಬಿಸುತ್ತದೆ. ಯಾರನ್ನು ಎಬ್ಬಿಸಬೇಕು ಅನ್ನುವುದು ಯೂಎಸ್‌ಆರ್ ಕೆಳಗಿನ ಶೇರ್ ಫೋಲ್ಡರಿನಲ್ಲಿ, ಡಿಬಸ್-1 ಒಳಗಿನ ಸರ್ವಿಸಸ್ ಎಂಬಲ್ಲಿ ಬರೆದಿರುತ್ತದೆ. ಪ್ರತಿ ಡೀಮನ್ ಇನ್‌ಸ್ಟಾಲ್ ಆಗುವಾಗ ಅಲ್ಲಿ ತನ್ನದೊಂದು ಚಿಕ್ಕ ಫೈಲ್ ಇಡುತ್ತದೆ. ಎರಡು ಡೀಮನ್ ಹಾಕಿದರೆ ಒಂದೇ ಹೆಸರಿಗೆ ಎರಡು ಫೈಲ್. ಯಾವುದು ಏಳುತ್ತದೆ ಅಂತ ನಾವು ನಂಬಿಕೊಂಡು ಕೂರುವ ಹಾಗಿಲ್ಲ.

ಅಳಿಲು ಅವರ ಕಡೆ ಆಗುತ್ತಿರುವುದು ಹೀಗೆ ಅಂತ ನನ್ನ ಅಂದಾಜು. ಲಾಗಿನ್ ಆದ ಕೂಡಲೇ ಐ3 ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ಶುರು ಮಾಡುತ್ತದೆ. ಡನ್ಸ್ಟ್ ಎದ್ದು ಹೆಸರು ಹಿಡಿಯುವ ಮೊದಲೇ ಚಾಟ್ ಆ್ಯಪ್ ಅಥವಾ ನೆಟ್‌ವರ್ಕ್ ಆ್ಯಪ್ಲೆಟ್ ಒಂದು ನೋಟಿಫಿಕೇಶನ್ ಕಳಿಸಿದರೆ ಡಿ-ಬಸ್ ಇನ್ನೊಂದು ಡೀಮನ್ ಎಬ್ಬಿಸುತ್ತದೆ. ಅವತ್ತು ಅದರ ದಿನ. ಡನ್ಸ್ಟ್ ಮೊದಲು ಬಂದರೆ ಅವತ್ತು ಇದರ ದಿನ.

ಬೇಡದ ಡೀಮನ್ ಪ್ಯಾಕೇಜ್ ತೆಗೆದರೆ ಅಲ್ಲಿಗೆ ಮುಗಿಯಿತು. ಬೇರೆ ಪ್ಯಾಕೇಜ್‌ಗಳು ಅದಕ್ಕೆ ಜೋತುಬಿದ್ದಿದ್ದು ತೆಗೆಯಲು ಆಗದಿದ್ದರೆ, ನಿಮ್ಮ ಹೋಮ್ ಫೋಲ್ಡರಿನ ಡಾಟ್-ಲೋಕಲ್ ಒಳಗಿನ ಶೇರ್‌ನಲ್ಲಿ ಡಿಬಸ್-1, ಅದರೊಳಗೆ ಸರ್ವಿಸಸ್ ಅಂತ ಫೋಲ್ಡರ್ ಮಾಡಿ. ಡನ್ಸ್ಟ್‌ನ ಸರ್ವಿಸ್ ಫೈಲನ್ನು ಅಲ್ಲಿಗೆ ಕಾಪಿ ಮಾಡಿ. ಬಳಕೆದಾರರ ಫೋಲ್ಡರನ್ನು ಡಿ-ಬಸ್ ಮೊದಲು ನೋಡುತ್ತದೆ, ಸಿಸ್ಟಮ್ ಫೋಲ್ಡರ್ ಆಮೇಲೆ. ಲಾಗೌಟ್ ಮಾಡಿ ಒಳಗೆ ಬನ್ನಿ. ಆಗ ಐ3 ಕಾನ್ಫಿಗ್‌ನ ಸಾಲೂ ಬೇಕಿಲ್ಲ. ಮೊದಲ ನೋಟಿಫಿಕೇಶನ್ ಬಂದಾಗ ಡನ್ಸ್ಟ್ ತಾನಾಗಿ ಏಳುತ್ತದೆ.

ನೋಟಿಫಿಕೇಶನ್ ಬದಲಾಗುತ್ತಿಲ್ಲ ಅಂತ ಯಾರು ಬಂದರೂ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಸರ್ವರ್ ಯಾವುದು? ತಾವು ಯಾವುದನ್ನು ಇನ್‌ಸ್ಟಾಲ್ ಮಾಡಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಬಸ್ ಏನು ಹೇಳುತ್ತದೆ ಅಂತ ನೋಡುವವರು ಕಡಿಮೆ.

ಹೊಂಗೆನೆರಳು

ಮಿಂಚುಳ್ಳಿ ಅವರು ಹೇಳಿದ್ದರಿಂದ ಚಾಟ್ ಮೆಸೇಜ್ ಮಾಯವಾದ ಕಥೆಯೂ ಬಿಡಿಸಿಕೊಳ್ಳುತ್ತದೆ. ಐಡಿ ಉಳಿಸುವ ಫೈಲ್ ಕ್ಯಾಶ್ ಫೋಲ್ಡರಿನಲ್ಲಿದೆ ಅಂದಿರಿ. ಅದು ಕಂಪ್ಯೂಟರ್ ಆಫ್ ಮಾಡಿದರೂ ಉಳಿಯುತ್ತದೆ. ಸರ್ವರ್‌ನ ಎಣಿಕೆ ಉಳಿಯುವುದಿಲ್ಲ. ಹೊಸದಾಗಿ ಎದ್ದ ಸರ್ವರ್ ಮತ್ತೆ ಚಿಕ್ಕ ನಂಬರಿನಿಂದ ಎಣಿಸುತ್ತದೆ. ನಿನ್ನೆ ನಿಮ್ಮ ವಾಲ್ಯೂಮ್‌ಗೆ 3 ಸಿಕ್ಕಿತ್ತು ಅಂದುಕೊಳ್ಳಿ. ಇವತ್ತು 3 ಸಿಕ್ಕಿದ್ದು ಚಾಟ್ ಮೆಸೇಜಿಗೆ. ನಿಮ್ಮ ಸ್ಕ್ರಿಪ್ಟ್ ಫೈಲ್ ಓದಿ "3ರ ಜಾಗಕ್ಕೆ ಇದನ್ನು ಹಾಕು" ಅನ್ನುತ್ತದೆ. ಸರ್ವರ್ ಹಾಗೇ ಮಾಡುತ್ತದೆ. ಆ ಐಡಿ ಯಾವ ಪ್ರೋಗ್ರಾಂನದು ಅಂತ ಪರೀಕ್ಷಿಸಬೇಕು ಅಂತ ನಿಯಮಾವಳಿ ಹೇಳುವುದಿಲ್ಲ.

ಹಾಗಾಗಿ ಐಡಿ ಫೈಲನ್ನು ಎಕ್ಸ್‌ಡಿಜಿ ರನ್‌ಟೈಮ್ ಡೈರೆಕ್ಟರಿಯಲ್ಲಿ ಇಡಿ. ರನ್ ಕೆಳಗೆ, ಯೂಸರ್ ಒಳಗೆ, ನಿಮ್ಮ ಯೂಸರ್ ನಂಬರಿನ ಫೋಲ್ಡರ್ ಅದು. ಮೆಮೊರಿಯಲ್ಲೇ ಇರುತ್ತದೆ, ನೀವು ಪೂರ್ತಿ ಲಾಗೌಟ್ ಆದಾಗ ಅಳಿಸಿಹೋಗುತ್ತದೆ. ಸೆಶನ್ ಮಧ್ಯೆ ಡೀಮನ್ ಮಾತ್ರ ರೀಸ್ಟಾರ್ಟ್ ಆದರೆ ಇದೂ ಸಾಲದು, ಆದ್ದರಿಂದ ಡನ್ಸ್ಟ್ ರೀಸ್ಟಾರ್ಟ್ ಮಾಡುವ ಶಾರ್ಟ್‌ಕಟ್ ಇಟ್ಟುಕೊಂಡಿದ್ದರೆ ಅದೇ ಸಾಲಿನಲ್ಲಿ ಐಡಿ ಫೈಲನ್ನೂ ಅಳಿಸಿ.

ಇನ್ನು ಕೀ ಹಿಡಿದುಕೊಂಡಾಗ ಬರುವ ಸಾಲು. ಇದು ಸರ್ವರ್‌ನ ತಪ್ಪಲ್ಲ. ಕೀ ಹಿಡಿದಾಗ ವಿಂಡೋ ಮ್ಯಾನೇಜರ್ ಸ್ಕ್ರಿಪ್ಟನ್ನು ಮೇಲಿಂದ ಮೇಲೆ ಶುರು ಮಾಡುತ್ತದೆ, ಹಿಂದಿನದು ಮುಗಿಯಲಿ ಅಂತ ಕಾಯುವುದಿಲ್ಲ. ಮೊದಲನೆಯದು ಐಡಿ ಪಡೆದು ಫೈಲಿಗೆ ಬರೆಯುವ ಮೊದಲೇ ಎರಡನೆಯದು, ಮೂರನೆಯದು ಅದೇ ಫೈಲ್ ಓದಿಯಾಗಿರುತ್ತದೆ. ಫೈಲ್ ಖಾಲಿ, ಇಲ್ಲವೇ ಅದರಲ್ಲಿ ಮುಗಿದುಹೋದ ಹಳೆಯ ಐಡಿ. ಮೂರೂ 0 ಇಲ್ಲವೇ ಆ ಹಳೆಯ ಐಡಿ ಕಳಿಸುತ್ತವೆ. ಮೂರು ಹೊಸ ಪಾಪ್-ಅಪ್.

ಒಂದು ಹೊತ್ತಿಗೆ ಒಬ್ಬರನ್ನೇ ಒಳಗೆ ಬಿಡುವ ಎಫ್‌ಲಾಕ್ ಕಮಾಂಡ್ ಬಳಸಿ. ಲಾಕ್ ಹಿಡಿದ ಮೇಲೆ ಐಡಿ ಓದಿ, ನೋಟಿಫಿಕೇಶನ್ ಕಳಿಸಿ, ಹೊಸ ಐಡಿ ಬರೆದು, ಆಮೇಲೆ ಬಿಡಿ. ಎಷ್ಟು ಪರ್ಸೆಂಟ್ ಅನ್ನುವುದನ್ನೂ ಲಾಕ್ ಒಳಗೇ ಓದಬೇಕು, ಇದನ್ನು ಮರೆಯಬೇಡಿ. ಹೊರಗೆ ಓದಿದರೆ 60% ಓದಿದವರು ಮೊದಲು ಲಾಕ್ ಹಿಡಿದು, 55% ಓದಿದವರು ಕೊನೆಗೆ ಹಿಡಿಯಬಹುದು. ಪರದೆಯ ಮೇಲೆ ಕೊನೆಗೆ ಉಳಿಯುವುದು ಸುಳ್ಳು ನಂಬರ್. ಕಾಯದೆ ಬಿಟ್ಟುಬಿಡುವ -ಎನ್ ಆಯ್ಕೆಯನ್ನೂ ಇಲ್ಲಿ ಹಾಕಬೇಡಿ. ಬಿಟ್ಟುಹೋದದ್ದು ಕೊನೆಯ ಒತ್ತೇ ಆಗಿದ್ದರೆ ಅದು ತೋರುವುದೇ ಇಲ್ಲ.

ಮೊದಲ ಸಲ ಫೈಲ್ ಇಲ್ಲದಿದ್ದರೆ -ಆರ್ ಮುಂದೆ ಖಾಲಿ ಹೋಗಿ ಎರರ್ ಆಗುತ್ತದೆ. ಖಾಲಿ ಇದ್ದರೆ 0 ಅಂತ ಹಾಕಿಕೊಳ್ಳಿ.

ಕಪ್ಪುಪರದೆ

ಡನ್ಸ್ಟ್ ಸರಿಯಾಗಿ ಓಡಲು ಶುರುವಾದ ಮೇಲೆ ಐಡಿ ಗೋಜೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಹಿಂಟ್ ಆಗಿ ಎಕ್ಸ್-ಡನ್ಸ್ಟ್-ಸ್ಟ್ಯಾಕ್-ಟ್ಯಾಗ್ ಕೊಟ್ಟು, ಅದಕ್ಕೆ ವಾಲ್ಯೂಮ್ ಅಂತ ಒಂದು ಹೆಸರಿಡಿ. ಅದೇ ಟ್ಯಾಗ್ ಇರುವ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಫೈಲ್ ಬೇಡ, ಲಾಕ್ ಬೇಡ. ವ್ಯಾಲ್ಯೂ ಎಂಬ ಹಿಂಟ್‌ನಲ್ಲಿ ಪರ್ಸೆಂಟ್ ಕೊಟ್ಟರೆ ಪ್ರೋಗ್ರೆಸ್ ಬಾರ್ ಕೂಡ ಬರುತ್ತದೆ. ವಾಲ್ಯೂಮ್‌ಗೆ, ಬ್ರೈಟ್‌ನೆಸ್‌ಗೆ ಬೇರೆ ಬೇರೆ ಟ್ಯಾಗ್ ಇಟ್ಟರೆ ಎರಡೂ ಪಕ್ಕಪಕ್ಕ ಇರುತ್ತವೆ, ಒಂದನ್ನೊಂದು ತಿನ್ನುವುದಿಲ್ಲ.

ಬೇರೆಯವರ ಪ್ರೋಗ್ರಾಂ ಕಳಿಸುವ ನೋಟಿಫಿಕೇಶನ್‌ಗೂ ಇದು ಮಾಡಬಹುದು. ಡನ್ಸ್ಟ್ ಕಾನ್ಫಿಗ್‌ನಲ್ಲಿ ಆ ಆ್ಯಪ್ ಹೆಸರಿಗೆ ಒಂದು ರೂಲ್ ಬರೆದು, ಸೆಟ್_ಸ್ಟ್ಯಾಕ್_ಟ್ಯಾಗ್ ಹಾಕಿ.

ಮಿಂಚುಳ್ಳಿ

ಅದಕ್ಕಿಂತ ಹೆಚ್ಚು ಕಡೆ ನಡೆಯುವ ಹಿಂಟ್ ಎಕ್ಸ್-ಕೆನಾನಿಕಲ್-ಪ್ರೈವೇಟ್-ಸಿಂಕ್ರೊನಸ್. ಉಬುಂಟುವಿನ ಹಳೆಯ ನೋಟಿಫೈ-ಓಎಸ್‌ಡಿ ಕಾಲದ್ದು. ಡನ್ಸ್ಟ್‌ಗೂ ಗೊತ್ತು, ಮಾಕೋಗೂ ಗೊತ್ತು. ಮುಂದೆ ವೇಲ್ಯಾಂಡ್‌ಗೆ ಹೋಗಿ ಮಾಕೋ ಹಾಕಿಕೊಂಡರೂ ಸ್ಕ್ರಿಪ್ಟ್ ಬದಲಿಸಬೇಕಿಲ್ಲ. ಆದರೆ ಗ್ನೋಮ್ ಶೆಲ್ ಇದನ್ನು ನೋಡಿ ಬದಲಿಸುವುದಿಲ್ಲ. ಅಲ್ಲಿ ಐಡಿಯೇ ಬೇಕು.

ಅಳಿಲು

ಹಾಗಾದರೆ ಲ್ಯಾಪ್‌ಟಾಪ್‌ಗೆ ಏನು ಮಾಡಲಿ? ನೋಟಿಫೈ-ಸೆಂಡ್‌ಗೆ ಐಡಿ ಕೊಡಲು ಬರುವುದಿಲ್ಲ, ಗ್ನೋಮ್‌ಗೆ ಟ್ಯಾಗ್ ಗೊತ್ತಿಲ್ಲ.

ಹೊಂಗೆನೆರಳು

ನೋಟಿಫೈ-ಸೆಂಡ್ ಬಿಟ್ಟು ನೀವೇ ಬಸ್ ಮೇಲೆ ಕರೆ ಮಾಡಿ. ಡಿಬಸ್-ಸೆಂಡ್ ಇಲ್ಲಿ ಆಗದು. ಖಾಲಿ ಪಟ್ಟಿಯನ್ನೂ ಪಟ್ಟಿಯೊಳಗಿನ ಪಟ್ಟಿಯನ್ನೂ ಕಳಿಸಲು ಅದಕ್ಕೆ ಬರುವುದಿಲ್ಲ, ನಮಗೆ ಬಟನ್‌ಗಳಿಗೂ ಹಿಂಟ್‌ಗಳಿಗೂ ಅದೇ ಬೇಕು. ಜಿಡಿಬಸ್ ಕಾಲ್ ಚೆನ್ನಾಗಿ ಮಾಡುತ್ತದೆ. ಎಂಟು ಆರ್ಗ್ಯುಮೆಂಟ್‌ಗಳನ್ನು ಮೇಲೆ ಹೇಳಿದ ಕ್ರಮದಲ್ಲೇ ಕೊಡಿ. ಬಟನ್ ಜಾಗದಲ್ಲಿ ಖಾಲಿ ಚೌಕ ಬ್ರ್ಯಾಕೆಟ್, ಹಿಂಟ್ ಜಾಗದಲ್ಲಿ ಖಾಲಿ ಹೂ ಬ್ರ್ಯಾಕೆಟ್.

ಇದರಲ್ಲಿ ಜನ ಎಡವುವ ಜಾಗ ಎರಡಿವೆ. ಕೊನೆಯ ಆರ್ಗ್ಯುಮೆಂಟ್ -1 ಅಂತ ಬರೆದರೆ ಜಿಡಿಬಸ್ ಅದನ್ನು ತನ್ನ ಆಯ್ಕೆ ಅಂದುಕೊಳ್ಳುತ್ತದೆ. ಕೋಟ್ ಒಳಗೆ ಇಂಟ್32 ಅಂತ ಬರೆದು ಮುಂದೆ -1 ಹಾಕಿ. ಎರಡನೆಯದು ಉತ್ತರ. ಅದು ಬರೀ 57 ಅಂತ ಬರುವುದಿಲ್ಲ. ಬ್ರ್ಯಾಕೆಟ್, ಯುಇಂಟ್32 ಎಂಬ ಪದ, 57, ಅಲ್ಪವಿರಾಮ, ಬ್ರ್ಯಾಕೆಟ್, ಇಷ್ಟೂ ಬರುತ್ತದೆ. ಅದನ್ನು ಹಾಗೇ ಫೈಲಿಗೆ ಬರೆದು ಮುಂದಿನ ಕರೆಗೆ ಕೊಟ್ಟರೆ ನಡೆಯದು. 32 ಎಂಬ ಅಂಕಿಯೂ ಅಲ್ಲಿದೆ, ಹಾಗಾಗಿ "ಮೊದಲು ಸಿಗುವ ಅಂಕಿ" ಅಂತ ಹುಡುಕಿದರೆ ಪ್ರತಿ ಸಲ 32 ಸಿಗುತ್ತದೆ. ಖಾಲಿ ಜಾಗ ಆದ ಮೇಲಿನದನ್ನು, ಅಲ್ಪವಿರಾಮದವರೆಗೆ ತೆಗೆದುಕೊಳ್ಳಿ.

ಗ್ನೋಮ್ ಬಗ್ಗೆ ಇನ್ನೊಂದು ಮಾತು. ಎಷ್ಟು ಹೊತ್ತು ಇರಬೇಕು ಅಂತ ನೀವು ಕೊಟ್ಟ ಸಮಯವನ್ನು ಗ್ನೋಮ್ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೋಟಿಫೈ-ಸೆಂಡ್‌ನ ಹೊಸ ಕೈಪಿಡಿಯಲ್ಲೇ ಇದನ್ನು ಬರೆದಿದ್ದಾರೆ. ಪರದೆ ಮೇಲೆ ಕಾಣುತ್ತಿರುವಾಗ ಬದಲಿಸಿದರೆ ಅದರ ಸಮಯ ಮುಂದಕ್ಕೆ ಹೋಗುತ್ತದೆ, ಕೀ ಒತ್ತುತ್ತಿರುವವರೆಗೆ ಕಾಣುತ್ತಲೇ ಇರುತ್ತದೆ. ಮುಗಿದ ಮೇಲೆ ವಾಲ್ಯೂಮ್ ಸುದ್ದಿ ನೋಟಿಫಿಕೇಶನ್ ಪಟ್ಟಿಯಲ್ಲಿ ಉಳಿಯುವುದು ಬೇಡವಾದರೆ ಹಿಂಟ್‌ನಲ್ಲಿ ಟ್ರಾನ್ಸಿಯೆಂಟ್ ಕೊಡಿ.

ನಕ್ಷತ್ರಮೀನು

ಒಳ್ಳೆಯ ಚರ್ಚೆ. ನನ್ನದು ಪೈಥಾನ್. ಬ್ಯಾಟರಿ ಎಷ್ಟಿದೆ ಅಂತ ಆಗಾಗ ತೋರಿಸುವ ಪ್ರೋಗ್ರಾಂ. ಲಿಬ್‌ನೋಟಿಫೈಯನ್ನೇ ಬಳಸುತ್ತೇನೆ. ಎಲ್ಲೂ ಐಡಿ ಕೊಡುವ ಜಾಗವೇ ಕಾಣಲಿಲ್ಲ, ಪ್ರತಿ ಸಲ ಹೊಸದೇ ಬರುತ್ತಿದೆ.

ಹೊಂಗೆನೆರಳು

ಅಲ್ಲಿ ಐಡಿ ಆಬ್ಜೆಕ್ಟ್ ಒಳಗೇ ಇರುತ್ತದೆ. ಲೂಪ್ ಒಳಗೆ ಪ್ರತಿ ಸಲ ನ್ಯೂ ಅಂತ ಕರೆದರೆ ಪ್ರತಿ ಸಲ ಹೊಸ ಆಬ್ಜೆಕ್ಟ್, ಐಡಿ 0. ಲೂಪ್ ಹೊರಗೆ ಒಂದೇ ಆಬ್ಜೆಕ್ಟ್ ಮಾಡಿ, ಒಳಗೆ ಅಪ್‌ಡೇಟ್ ಕರೆದು ಶೋ ಕರೆಯಿರಿ. ಅಪ್‌ಡೇಟ್ ಒಂದನ್ನೇ ಕರೆದರೆ ಬಸ್ ಮೇಲೆ ಏನೂ ಹೋಗುವುದಿಲ್ಲ, ಶೋ ಬೇಕೇ ಬೇಕು.

ಪ್ರೋಗ್ರಾಂ ಓಡುತ್ತಲೇ ಇರಲಿ. ಕಳಿಸಿದವರು ಬಸ್ ಬಿಟ್ಟು ಹೋದರೆ ಅವರ ನೋಟಿಫಿಕೇಶನ್‌ಗಳನ್ನು ಗ್ನೋಮ್ ಶೆಲ್ ತೆಗೆದುಹಾಕುತ್ತದೆ, ಅದು ಯಾವ ಆ್ಯಪ್ ಅಂತ ಅದಕ್ಕೆ ಗುರುತು ಸಿಕ್ಕಿದ್ದರೆ ಮಾತ್ರ. ನೋಟಿಫೈ-ಸೆಂಡ್ ಕಳಿಸಿದ ತಕ್ಷಣ ಹೊರಟುಹೋಗುವುದರಿಂದ ಅಂಥವುಗಳನ್ನು ಬೇಕೆಂದೇ ಉಳಿಸಿದ್ದಾರೆ.

ಮಿಂಚುಳ್ಳಿ

ಪೂರ್ತಿ ಜಿಟಿಕೆ ಆ್ಯಪ್ ಆಗಿದ್ದರೆ ಜಿನೋಟಿಫಿಕೇಶನ್ ಇನ್ನೂ ಸಲೀಸು. ಅಲ್ಲಿ ಐಡಿ ನಂಬರ್ ಅಲ್ಲ, ನೀವೇ ಇಡುವ ಹೆಸರು. "ಬ್ಯಾಟರಿ" ಅಂತ ಕಳಿಸಿ, ಮತ್ತೆ "ಬ್ಯಾಟರಿ" ಅಂತಲೇ ಕಳಿಸಿದರೆ ಹಳೆಯದರ ಜಾಗಕ್ಕೆ ಬರುತ್ತದೆ. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳಿಗಿರುವ ಪೋರ್ಟಲ್‌ನಲ್ಲೂ ಇದೇ ಪದ್ಧತಿ. ಒಬ್ಬರ ಹೆಸರು ಇನ್ನೊಬ್ಬರ ಮೆಸೇಜನ್ನು ನುಂಗುವ ಭಯ ಇಲ್ಲ, ಯಾಕೆಂದರೆ ಹೆಸರನ್ನು ಆ ಆ್ಯಪ್ ಒಳಗಷ್ಟೇ ಹುಡುಕುತ್ತದೆ. ಮೊದಲಿನಿಂದಲೂ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ ನನಗೆ.

ಅಳಿಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಿನ ಸ್ಥಿತಿ ಬರೆಯುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೆ ಬೇಕಾದೀತು.

ಡೆಬಿಯನ್‌ನಲ್ಲಿ ಬೇಡದ ಡೀಮನ್ ತೆಗೆಯಲು ಹೋದರೆ ಜೊತೆಗೆ ಇನ್ನೂ ಕೆಲವು ಪ್ಯಾಕೇಜ್ ಹೊರಟವು, ಹಾಗಾಗಿ ಹೋಮ್ ಫೋಲ್ಡರಿನಲ್ಲಿ ಸರ್ವಿಸ್ ಫೈಲ್ ಇಟ್ಟೆ. ಈಗ ಪ್ರತಿ ಲಾಗಿನ್‌ಗೂ ಡನ್ಸ್ಟೇ ಬರುತ್ತಿದೆ. ಅಲ್ಲಿ ಸಿಂಕ್ರೊನಸ್ ಹಿಂಟ್ ಹಾಕಿದ್ದೇನೆ. ಕೀ ಹಿಡಿದುಕೊಂಡರೆ ಒಂದೇ ಪಾಪ್-ಅಪ್, ಬಾರ್ ನಯವಾಗಿ ಏರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಜಿಡಿಬಸ್, ರನ್‌ಟೈಮ್ ಫೋಲ್ಡರಿನಲ್ಲಿ ಐಡಿ ಫೈಲ್, ಸುತ್ತ ಎಫ್‌ಲಾಕ್. ಬಸ್ ಮಾನಿಟರ್ ಹಾಕಿಕೊಂಡು ನೋಡಿದೆ. ಮೊದಲ ಕರೆಯಲ್ಲಿ 0 ಹೋಗುತ್ತದೆ, ಒಂದು ನಂಬರ್ ಬರುತ್ತದೆ, ಆಮೇಲಿನ ಕರೆಗಳಲ್ಲಿ ಅದೇ ಹೋಗಿ ಅದೇ ಬರುತ್ತಿದೆ.

ಒಂದು ಉಳಿದಿದೆ. ಇದೇ ಸ್ಕ್ರಿಪ್ಟನ್ನು ಕ್ರಾನ್‌ನಿಂದ (ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಸೇವೆ) ಓಡಿಸಿದರೆ ಏನೂ ಕಾಣುವುದಿಲ್ಲ.

ಮಿಂಚುಳ್ಳಿ

ಕ್ರಾನ್‌ಗೆ ನಿಮ್ಮ ಸೆಶನ್ ಬಸ್ ಎಲ್ಲಿದೆ ಅಂತ ಗೊತ್ತಿಲ್ಲ. ರನ್‌ಟೈಮ್ ಫೋಲ್ಡರಿನ ವೇರಿಯಬಲ್ಲೂ ಅಲ್ಲಿ ಇರುವುದಿಲ್ಲ, ಹಾಗಾಗಿ ನಿಮ್ಮ ಐಡಿ ಫೈಲ್ ಕೂಡ ಬೇರೆಲ್ಲೋ ಬೀಳುತ್ತದೆ. ಎರಡನ್ನೂ ಸ್ಕ್ರಿಪ್ಟ್ ಮೇಲೆ ಬರೆಯಬಹುದು, ಬಸ್ ಇರುವುದು ಆ ರನ್‌ಟೈಮ್ ಫೋಲ್ಡರಿನಲ್ಲೇ ಬಸ್ ಎಂಬ ಹೆಸರಿನಲ್ಲಿ. ನನ್ನ ಮಾತು ಕೇಳಿದರೆ ಕ್ರಾನ್ ಬಿಟ್ಟು ಸಿಸ್ಟಮ್‌ಡಿಯ ಯೂಸರ್ ಟೈಮರ್ ಮಾಡಿ. ಅಲ್ಲಿ ಎರಡೂ ತಾವಾಗಿ ಸಿಗುತ್ತವೆ.

ಅಳಿಲು

ಟೈಮರ್ ಮಾಡಿದೆ, ಬಂತು.